ದೀಪ ಹಚ್ಚುವ ಹೊತ್ತಿಗೆ ಕಡಿಯುತ್ತಿದ್ದ ಲೈನು

ಚಾಮರಾಜಪೇಟೆಯ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷ ನಾನು ಬೈದಷ್ಟು ಬೈಗುಳವನ್ನು ಅದಕ್ಕೆ ಮೊದಲೂ ಬೈದಿರಲಿಲ್ಲ, ಆಮೇಲೂ ಬೈದಿಲ್ಲ. ಬೈಸಿಕೊಂಡದ್ದು ಒಂದು ಮೋಡೆಮ್. ಅಂಗೈಗಿಂತ ಸ್ವಲ್ಪ ದೊಡ್ಡದಾದ ಬಿಳಿ ಡಬ್ಬಿ. ಮುಂದೆ ಸಾಲಾಗಿ ಹಸಿರು ದೀಪಗಳು. ಬೆಳಗಿನಿಂದ ಸಂಜೆಯವರೆಗೆ ಅವು ಸುಮ್ಮನೆ ಉರಿಯುತ್ತಿದ್ದವು. ಹೊತ್ತು ಮುಳುಗಿ ಬೀದಿಯಲ್ಲಿ ಮಬ್ಬು ಕವಿಯುವಾಗ ಅವುಗಳಲ್ಲೊಂದು ಪಕ್ಕನೆ ಆರಿಹೋಗುತ್ತಿತ್ತು. ನಾನು "ಅಯ್ಯೋ, ಹೋಯ್ತು!" ಎಂದು ಕಿರುಚಿ, ಅದರ ವಂಶವನ್ನೆಲ್ಲ ಎತ್ತಿ ಆಡುತ್ತಿದ್ದೆ. ಮತ್ತೆ ಸಂಪರ್ಕ ಕೂಡಿಕೊಳ್ಳುವಷ್ಟರಲ್ಲಿ ನನ್ನ ಕೆಲಸ ಕೈತಪ್ಪಿ ಹೋಗಿರುತ್ತಿತ್ತು.

ಕೆಲಸವೆಂದರೆ ಅಮೆರಿಕದ ಆಸ್ಪತ್ರೆಗಳ ಡಾಕ್ಟರುಗಳು ರೋಗಿಗಳ ಬಗ್ಗೆ ಒದರಿದ್ದನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪು ಮಾಡುವುದು. ಅವರಿಗೆ ಬೆಳಗಾಗುವುದು ನಮಗೆ ಸಂಜೆಯಾದಾಗ. ತುರ್ತಿನ ಫೈಲುಗಳು ಬರುತ್ತಿದ್ದುದೂ ಆಗಲೇ. ಟೈಪು ಮಾಡುತ್ತಿರುವಾಗ ಸಂಪರ್ಕ ಕಡಿದರೆ ಕಂಪನಿಯ ವ್ಯವಸ್ಥೆ ಆ ಫೈಲನ್ನು ನನ್ನಿಂದ ಕಿತ್ತು ಬೇರೆ ಯಾರಿಗೋ ಕೊಟ್ಟುಬಿಡುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ಮನೆಯಲ್ಲಿದ್ದವರು ನಾನು ಮತ್ತು ನನ್ನ ಅತ್ತೆ, ಇಬ್ಬರೇ. ಇಬ್ಬರ ಊಟವೂ ಆ ಫೈಲುಗಳಿಂದಲೇ ಆಗಬೇಕಿತ್ತು. ನಮ್ಮ ಮೇಲ್ವಿಚಾರಕಿ ಹೆಂಗಸು ಒಳ್ಳೆಯವಳೇ, ಆದರೆ ಒಂದು ದಿನ ಮಾತನ್ನು ನೇರವಾಗಿಯೇ ಹೇಳಿದಳು. "ಈ ತಿಂಗಳೂ ಹೀಗೇ ಆದ್ರೆ ನಾನೇನೂ ಮಾಡಕ್ಕಾಗಲ್ಲ. ನಿಮ್ಮ ಹೆಸರು ತೆಗೀತಾರೆ ಅಷ್ಟೆ."

ನನ್ನ ಗಂಡ ಎಲ್ಲಿ ಎಂದು ನೀವು ಕೇಳುತ್ತೀರಿ. ಅದನ್ನು ನಾನೂ ಕೇಳಿದ್ದೆ. ಇದಕ್ಕೆ ಕೆಲವು ವರ್ಷ ಮೊದಲು ಒಂದು ಬೆಳಗ್ಗೆ ಎಂದಿನಂತೆ ಕಲಾಸಿಪಾಳ್ಯದ ತರಕಾರಿ ಮಂಡಿಗೆಂದು ಹೊರಟವರು ಸಂಜೆ ಬರಲಿಲ್ಲ. ಅಲ್ಲಿ ಅವರಿಗೆ ಕಮಿಷನ್ ವ್ಯಾಪಾರವಿತ್ತು. ಮಧ್ಯಾಹ್ನದವರೆಗೂ ಮಂಡಿಯಲ್ಲಿದ್ದರು, ಆಮೇಲೆ ಯಾರೂ ನೋಡಲಿಲ್ಲ ಎಂದು ಅಲ್ಲಿಯವರು ಹೇಳಿದರು. ಪೊಲೀಸಿಗೆ ಹೇಳಿದೆವು, ಆಸ್ಪತ್ರೆಗಳನ್ನು ಸುತ್ತಿದೆವು, ಶವಾಗಾರಕ್ಕೂ ಹೋಗಿ ಬಂದೆವು. ಎಲ್ಲ ಮುಗಿದ ಮೇಲೆ ನಾನೊಂದು ದಿನ ಬೀರು ತೆಗೆದು ನೋಡಿದೆ. ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಎರಡು ಒಳ್ಳೆಯ ಶರ್ಟು ಇರಲಿಲ್ಲ. ಕೊಳೆತ ಟೊಮೇಟೊ ತುಳಿಯುವ ಮಂಡಿಗೆ ಯಾರೂ ಅಂಥ ಶರ್ಟು ಒಯ್ಯುವುದಿಲ್ಲ. ಅವತ್ತೇ ನನಗೆ ಅರ್ಥವಾಯಿತು. ಅತ್ತೆಗೆ ಹೇಳಿದೆ. ಅವರು ಬೀರುವಿನ ಬಾಗಿಲು ಹಾಕಿ, "ಒಗೆಯಕ್ಕೆ ಹಾಕಿರ್ತಾನೆ" ಎಂದರು.

ಗಂಡ ಸತ್ತವಳಿಗೆ ಒಂದು ಸ್ಥಾನವಿದೆ, ಕೆಟ್ಟದ್ದೋ ಒಳ್ಳೆಯದೋ. ನನಗೆ ಅದೂ ಇರಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದವರು ನನ್ನ ಹಣೆಯನ್ನೊಮ್ಮೆ, ಅತ್ತೆಯ ಮುಖವನ್ನೊಮ್ಮೆ ನೋಡಿ ತಡವರಿಸುತ್ತಿದ್ದರು. ಅತ್ತೆ ಗದರುತ್ತಿದ್ದರು. "ಏನ್ ನೋಡ್ತಿದೀರಾ? ಕೊಡಿ ಅವ್ಳಿಗೆ. ನನ್ ಮಗ ಊರಿಗ್ ಹೋಗಿದಾನೆ." ಬಾಗಿನ ನನ್ನ ಮಡಿಲಿಗೆ ಬೀಳುತ್ತಿತ್ತು. ಅದನ್ನು ಹಿತ್ತಲಿಗೆ ಒಯ್ದು ಎಸೆದುಬಿಡಬೇಕು ಅನ್ನಿಸುತ್ತಿತ್ತು. ಎಸೆಯಲಿಲ್ಲ, ಅದರಲ್ಲಿ ಬೇಳೆ ಬೆಲ್ಲ ಇರುತ್ತಿದ್ದವು.

ಇನ್ನು ಫೋನಿನ ವಿಷಯ. ನಡುಮನೆಯಲ್ಲಿ ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ನಮ್ಮ ಹಳೆಯ ಫೋನಿತ್ತು. ಗಂಡ ಇದ್ದಾಗ ದಿನಾ ಸಂಜೆ ಮಂಡಿಯಿಂದ ಅದಕ್ಕೆ ಫೋನು ಮಾಡಿ, "ಏನ್ ತರ್ಲಮ್ಮಾ?" ಎಂದು ತಾಯಿಯನ್ನು ಕೇಳುತ್ತಿದ್ದರು. ನನ್ನನ್ನಲ್ಲ. ಅತ್ತೆ ದೇವರಿಗೆ ದೀಪ ಹಚ್ಚಿ ಬರುವುದಕ್ಕೂ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. "ಬದ್ನೇಕಾಯಿ ಬೇಡ, ನಿನ್ನೆ ತಂದಿದ್ದೇ ಇದೆ" ಎಂದೋ, "ಅವರೇಕಾಯಿ ಸೊಗಡಿದ್ರೆ ತಗೊಂಡ್ ಬಾ" ಎಂದೋ ಅವರು ಹೇಳುತ್ತಿದ್ದರು. ಮಗ ಹೋದ ಮೇಲೂ ಆ ನಂಬರು ಬದಲಾಗಕೂಡದು ಎನ್ನುವುದು ಅತ್ತೆಯ ಹಟವಾಗಿತ್ತು.

ಬ್ರಾಡ್‌ಬ್ಯಾಂಡಿಗೆ ಮುಂಚೆ ನಾನು ಡಯಲ್‌ಅಪ್ ಕಾಲದಲ್ಲೂ ಇದೇ ಕೆಲಸ ಮಾಡುತ್ತಿದ್ದೆ. ಆಗ ಕಂಪ್ಯೂಟರು ಫೋನಿನ ಲೈನನ್ನೇ ನುಂಗಿ ಕೂರುತ್ತಿತ್ತು. ಇಂಟರ್ನೆಟ್ ಇರುವಷ್ಟು ಹೊತ್ತೂ ಹೊರಗಿನವರಿಗೆ ನಮ್ಮ ಫೋನು ಎಂಗೇಜ್. ಅತ್ತೆಯ ಅಕ್ಕ ತೀರಿಕೊಂಡ ದಿನ ಅವರ ಮನೆಯವರು ಬೆಳಗಿನಿಂದ ಫೋನು ಮಾಡಿ ಮಾಡಿ ಸೋತು, ಕೊನೆಗೆ ಆಟೋದಲ್ಲಿ ಆಳು ಕಳಿಸಿದ್ದರು. ಅತ್ತೆ ಅಕ್ಕನ ಮುಖ ನೋಡಲಾಗಲಿಲ್ಲ. ಆಗ ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಬ್ರಾಡ್‌ಬ್ಯಾಂಡ್ ಬಂತು. ಇದು ಹಾಗಲ್ಲ, ಫೋನೂ ಇಂಟರ್ನೆಟ್ಟೂ ಒಟ್ಟಿಗೇ ನಡೆಯುತ್ತವೆ ಎಂದು ಅವರಿಗೆ ಬಿಡಿಸಿ ಹೇಳಿದೆ. ಹೂಂ ಎಂದರು. ಅವರ ಹೂಂಗೆ ಎರಡು ಅರ್ಥವಿರುತ್ತದೆ ಎಂದು ನನಗೆ ಆಗಲೇ ಗೊತ್ತಿರಬೇಕಿತ್ತು.

ಸಂಜೆ ಕಡಿಯುವ ಲೈನಿಗೆ ನಾನು ಮಾಡದ ಚಿಕಿತ್ಸೆಯಿಲ್ಲ. ನನ್ನ ಕೋಣೆಯಲ್ಲಿ ಮೋಡೆಮ್ಮಿನ ಪಕ್ಕದಲ್ಲಿದ್ದ ಫೋನಿನಿಂದ ಸಹಾಯವಾಣಿಗೆ ಮಾಡಿದರೆ, ಆಫ್ ಮಾಡಿ ಆನ್ ಮಾಡಿ ಎನ್ನುತ್ತಿದ್ದರು. ಸರಿಹೋಗುತ್ತಾ ಎಂದರೆ ನೋಡಿ ಮೇಡಂ ಎನ್ನುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ತಂತಿ ಬದಲಾಯಿಸಿದೆ. ಮೋಡೆಮ್ ಬಿಸಿಯಾಗುತ್ತಿರಬಹುದೆಂದು ಅದರ ಮೇಲೆ ಫ್ಯಾನು ತಿರುಗಿಸಿದೆ. ಮಾಡಿನಲ್ಲಿ ಇಲಿ ತಂತಿ ಕಡಿದಿರಬಹುದೆಂದು ಹೆಂಚು ಸರಿಸಿ ನೋಡಿ, ಸೀರೆಯ ತುಂಬ ಮಸಿ ಮಾಡಿಕೊಂಡೆ. ಕೊನೆಗೆ ಟೆಲಿಫೋನಿನ ಲೈನ್‌ಮನ್ ಒಬ್ಬ ಬಂದ. ಬಹಳ ತಿಳಿದವನಂತೆ ಕಂಬದ ಕಡೆ ಕತ್ತೆತ್ತಿ ನೋಡಿದ.

"ಕರೆಕ್ಟಾಗಿ ಯಾವಾಗ ಹೋಗುತ್ತೆ ಮೇಡಂ?"

"ಸಂಜೆ. ಕತ್ತಲಾಗೋ ಹೊತ್ಗೆ."

"ಅದೇ ನೋಡಿ. ಬೀದಿ ದೀಪ ಹತ್ಕೊಳೋ ಟೈಮು. ವೋಲ್ಟೇಜ್ ಎಳ್ಕೊಂಡ್‌ಬಿಡುತ್ತೆ. ನಮ್ ಲೈನ್ ಏನೂ ತೊಂದ್ರೆ ಇಲ್ಲ, ಇದು ಕರೆಂಟ್‌ನೋರ ಪ್ರಾಬ್ಲಮ್ಮು."

ಮನೆಯಲ್ಲಿ ಇನ್ನೊಂದು ಫೋನು ಇದೆಯೇ ಎಂದು ಕೇಳಿದ. ಒಳಗಿದೆ, ಅದನ್ನು ಯಾರೂ ಮುಟ್ಟುವುದಿಲ್ಲ ಎಂದೆ. ನಾನು ಹಾಗೆಂದೇ ತಿಳಿದಿದ್ದೆ. ಅತ್ತೆ ಅವನಿಗೆ ಕಾಫಿ ಕೊಟ್ಟರು. ಅವನ ಮಾತು ನಂಬಿ ನಾನು ಸ್ಟೆಬಿಲೈಸರ್ ತಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದದ್ದು ಹೀಗೆ. ಅವತ್ತು ಸಂಜೆಯೂ ಲೈನು ಹೋಯಿತು.

ಹೀಗಿರುವಾಗ ಓಕಳಿಪುರದಲ್ಲಿ ನಮ್ಮ ದಾಯಾದಿಯೊಬ್ಬರು ತೀರಿಕೊಂಡರು. ನನ್ನ ಮಾವನ ಕಡೆಯವರು, ನಾನು ನೋಡಿದ್ದು ಎರಡೋ ಮೂರೋ ಸಲ. ಆದರೂ ಸೂತಕ ಸೂತಕವೇ. ದೇವರ ಕೋಣೆಯ ಬಾಗಿಲು ಹಾಕಿದೆವು. ಅತ್ತೆ ಸಂಜೆ ದೀಪ ಹಚ್ಚಲಿಲ್ಲ, ಹಜಾರದಲ್ಲಿ ಗೋಡೆಗೊರಗಿ ಸುಮ್ಮನೆ ಕೂತರು. ನಾನು ಕೆಲಸಕ್ಕೆ ಕೂತೆ. ಹೊತ್ತು ಮುಳುಗಿತು, ಬೀದಿ ದೀಪಗಳೆಲ್ಲ ಹತ್ತಿಕೊಂಡವು. ಮೋಡೆಮ್ಮಿನ ದೀಪ ಅಲುಗಲಿಲ್ಲ. ಮಾರನೆಯ ಸಂಜೆಯೂ ಅಲುಗಲಿಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ. ಸ್ಟೆಬಿಲೈಸರ್ ಈಗ ಕೆಲಸ ಶುರು ಮಾಡಿತು ಎಂದುಕೊಂಡು ನಾನು ಎಷ್ಟೋ ದಿನಗಳ ಮೇಲೆ ಹಾಡು ಗುನುಗಿದೆ. ಸೂತಕದ ಮನೆಯಲ್ಲಿ ಹಾಡೇನೇ ಎಂದು ಬೈಸಿಕೊಂಡೆ.

ಸೂತಕ ಕಳೆಯಿತು. ಮನೆ ತೊಳೆದೆವು, ತಲೆಗೆ ನೀರು ಹಾಕಿಕೊಂಡೆವು. ಅವತ್ತು ಸಂಜೆ ಒಳ್ಳೆಯ ಫೈಲು ಬಂದಿತ್ತು, ಹೃದಯದ ಆಪರೇಷನ್ನಿನದು, ಉದ್ದದ್ದು. ಅರ್ಧ ಟೈಪು ಮಾಡಿದ್ದೆ. ಒಳಗೆ ಗಂಟೆಯ ಸದ್ದು ಕೇಳಿತು, ದೀಪ ಹಚ್ಚಿದರು ಅಂದುಕೊಂಡೆ. ಇತ್ತ ಮೋಡೆಮ್ಮಿನ ದೀಪ ಆರಿತು. ಕಿರುಚಿದೆ, ಬೈದೆ. ಬೈಯುತ್ತ ಬೈಯುತ್ತ ನಾಲಗೆ ನಿಂತುಹೋಯಿತು. ಸೂತಕದ ದಿನಗಳಲ್ಲಿ ಬೀದಿ ದೀಪ ಹತ್ತಿತ್ತು, ಟೀವಿ ಹಾಕಿದ್ದೆವು, ಫ್ಯಾನು ತಿರುಗಿತ್ತು. ಈ ಮನೆಯಲ್ಲಿ ಆಗ ನಡೆಯದೆ ಇದ್ದದ್ದು ಒಂದೇ. ದೇವರ ದೀಪ.

ಎಣ್ಣೆ ದೀಪಕ್ಕೂ ಇಂಟರ್ನೆಟ್ಟಿಗೂ ಎತ್ತಣ ಸಂಬಂಧ? ಮಾರನೆಯ ಸಂಜೆ ಫೈಲು ಬಂದರೂ ತೆಗೆಯದೆ, ಹೆಡ್‌ಫೋನು ಕಳಚಿಟ್ಟು, ನಡುಮನೆಯ ಬಾಗಿಲಲ್ಲಿ ನಿಂತೆ. ಅತ್ತೆ ದೀಪ ಹಚ್ಚಿದರು. ಕೈಮುಗಿದರು. ಗಂಟೆ ಅಲ್ಲಾಡಿಸಿದರು. ಎದ್ದು ಬಂದು, ಸೆರಗಿನಲ್ಲಿ ಕೈಯೊರೆಸಿಕೊಂಡು, ಗೂಡಿನಲ್ಲಿದ್ದ ಫೋನನ್ನೆತ್ತಿ ಕಿವಿಗಿಟ್ಟುಕೊಂಡರು. ನಂಬರು ಒತ್ತಲಿಲ್ಲ, ಮಾತಾಡಲಿಲ್ಲ. ನನ್ನ ಕೋಣೆಯ ಕಡೆ ಕಿವಿಗೊಟ್ಟು ಸುಮ್ಮನೆ ನಿಂತರು. ಏನೂ ಕೇಳಿಸದೆ ತಿರುಗಿದಾಗ ನನ್ನನ್ನು ಕಂಡರು.

"ಯಾಕೆ, ಇವತ್ತು ಕೆಲ್ಸ ಇಲ್ವಾ?"

"ಏನ್ ಮಾಡ್ತಿದೀರಾ ಅತ್ತೆ?"

"ಲೈನ್ ಬಿಡಿಸ್ತಿದೀನಿ" ಎಂದರು, ಸೊಪ್ಪು ಬಿಡಿಸುತ್ತಿದ್ದೇನೆ ಎನ್ನುವಷ್ಟು ಸಹಜವಾಗಿ. "ನಿನ್ ಡಬ್ಬಿ ಇಡೀ ದಿನ ಹಿಡ್ಕೊಂಡಿರುತ್ತಲ್ಲ. ಈ ಹೊತ್ನಲ್ಲಿ ಮಾತ್ರ ನಾನು ಇದನ್ನ ಎತ್ತಿದ್ರೆ ಬಿಟ್ಬಿಡುತ್ತೆ. ನೀನು ಹೋಯ್ತು ಅಂತ ಕೂಗ್ತೀಯ, ಆಗ ಇಟ್ಬಿಡ್ತೀನಿ. ಅವ್ನು ಮಾಡೋ ಟೈಮು ಅಲ್ವಾ ಇದು. ಸ್ವಲ್ಪ ಹೊತ್ತು ಖಾಲಿ ಇರ್ಲಿ."

 ಬೆಟ್ಟ ಅಗೆದು ಇಲಿ ಹಿಡಿಯುವುದು ಅಂದರೆ ಇಲಿಯಾದರೂ ಸಿಕ್ಕಿತಲ್ಲ ಎಂದು ನಗಬಹುದು. ನನಗೆ ನಗು ಬರಲಿಲ್ಲ. ಕೂಗಾಡಿದೆ. ಮನೆಗೆ ಅಕ್ಕಿ ಎಲ್ಲಿಂದ ಬರುತ್ತೆ ಗೊತ್ತಾ, ನಿಮ್ಮ ಬಿಪಿ ಮಾತ್ರೆ ಎಲ್ಲಿಂದ ಬರುತ್ತೆ ಗೊತ್ತಾ ಎಂದೆಲ್ಲ ಕೇಳಿದೆ. ಅವರ ಮಗ ಬರುವುದಿಲ್ಲ ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಅತ್ತೆ ಫೋನಿಟ್ಟು, "ಕೂಗ್ಬೇಡ. ದೀಪ ಹಚ್ಚಿದೀನಿ" ಎಂದರಷ್ಟೆ.

"ಈ ಡಬ್ಬಿ ಲೈನ್ ಹಿಡ್ಕೊಳಲ್ಲ ಅತ್ತೆ. ಹಸಿರು ದೀಪ ಇರುವಾಗ್ಲೇ ಫೋನ್ ಬರುತ್ತೆ. ಈಗ್ಲೇ ತೋರಿಸ್ತೀನಿ. ಮೂಲೆ ಅಂಗಡಿಯಿಂದ ಮಾಡ್ತೀನಿ, ನೋಡ್ತಿರಿ."

ಮೆಟ್ಟಿಗೆ ಕಾಲು ತೂರಿಸಿ ಬೀದಿಗಿಳಿದೆ. ಮೂಲೆಯ ದಿನಸಿ ಅಂಗಡಿಯ ಮುಂದೆ ಕೆಂಪು ಕಾಯಿನ್ ಬಾಕ್ಸ್ ಫೋನಿತ್ತು. ನಾಣ್ಯ ಹಾಕಿ ನಮ್ಮ ನಂಬರು ಒತ್ತಿದೆ. ಒಂದು ರಿಂಗು ಪೂರ್ತಿ ಮುಗಿಯಲಿಲ್ಲ, ಆ ಕಡೆ ಎತ್ತಿದರು. ನಾನೇ ಮಾಡುತ್ತೇನೆಂದು ಹೇಳಿ ಬಂದಿದ್ದೆ. ಅವರು ಕೇಳಿಸಿಕೊಂಡಿದ್ದರು. ಆದರೂ ಅವರ ದನಿ ಹೀಗಿತ್ತು:

"ಹಲೋ... ಎಲ್ಲಿದೀಯೋ ಮಗಾ?"

ಅಷ್ಟು ಮೆತ್ತಗಿನ ದನಿಯನ್ನು ನಾನು ಅವರಿಂದ ಎಂದೂ ಕೇಳಿರಲಿಲ್ಲ. ನಾನು "ಅತ್ತೆ, ನಾನೇ" ಎನ್ನಬೇಕಿತ್ತು. ರಿಸೀವರನ್ನು ಕಿವಿಗೆ ಒತ್ತಿಕೊಂಡೆ. "ಊಟ ಆಯ್ತೇನೋ?" ಎಂದರು. ಹಿಂದೆ ಬಸ್ಸೊಂದು ಹಾರ್ನು ಹೊಡೆದುಕೊಂಡು ಹೋಯಿತು. ನಾನು ಫೋನಿಟ್ಟುಬಿಟ್ಟೆ. ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಮನೆಗೆ ಬಂದೆ.

ಅತ್ತೆ ಇನ್ನೂ ರಿಸೀವರನ್ನು ಕೈಯಲ್ಲಿ ಹಿಡಿದೇ ಫೋನಿನ ಪಕ್ಕದಲ್ಲಿ ನಿಂತಿದ್ದರು. ಮುಖ ಕೆಂಪಾಗಿತ್ತು.

"ಫೋನ್ ಬಂತು" ಎಂದರು.

"ನಾನೇ ಮಾಡಿದ್ದು ಅತ್ತೆ."

"ನೀನಾಗಿದ್ರೆ ಮಾತಾಡ್ತಿದ್ದೆ. ನೀನು ಮಾತಾಡ್ದೆ ಇರೋಳಲ್ಲ. ಬಸ್ ಸದ್ದು ಬಂತು, ಕಲಾಸಿಪಾಳ್ಯದಲ್ಲಿ ಬರುತ್ತಲ್ಲ ಹಂಗೆ."

"ನಾನೇ ಅತ್ತೆ. ದೇವ್ರಾಣೆ."

ಅವರು ನನ್ನನ್ನು ಕನಿಕರದಿಂದ ನೋಡಿದರು. ನಾನು ಹೊಟ್ಟೆಕಿಚ್ಚಿಗೆ ಸುಳ್ಳು ಹೇಳುತ್ತಿದ್ದೇನೆ ಎಂಬಂತೆ. "ಇನ್ನೊಂದು" ಎಂದರು, "ನಾನು ಎತ್ತಿದ ಕೂಡ್ಲೇ ನಿನ್ ದೀಪ ಆರೋಯ್ತು. ಹೋಗಿ ನೋಡು. ಎರಡೂ ಒಟ್ಟಿಗೆ ಇರಲ್ಲ." ಹೋಗಿ ನೋಡಿದೆ. ಆರಿತ್ತು. ನಾನು ಹೂಡಿದ ಪರೀಕ್ಷೆಯಲ್ಲಿ ಗೆದ್ದವರು ಅವರು.

ಮಾರನೆಯ ದಿನ ಸಹಾಯವಾಣಿಯ ಹುಡುಗಿಗೆ ಈ ಸಲ ಸರಿಯಾದ ಪ್ರಶ್ನೆ ಕೇಳಿದೆ. ಒಳಗಿನ ಫೋನು ಎತ್ತಿದರೆ ಇಂಟರ್ನೆಟ್ ಹೋಗುತ್ತದಲ್ಲ, ಯಾಕೆ? "ಆ ಫೋನಿಗೂ ಫಿಲ್ಟರ್ ಹಾಕ್ಬೇಕು ಮೇಡಂ, ಮಾತನ್ನೂ ಇಂಟರ್ನೆಟ್ಟನ್ನೂ ಬೇರೆ ಮಾಡುತ್ತಲ್ಲ, ಅದು. ಹಾಕಿಲ್ವಾ?" ಎಂದಳು. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಅದು ಸಿಕ್ಕಿತು, ಬೆಂಕಿಪೊಟ್ಟಣದಷ್ಟು ದೊಡ್ಡದು. ಅತ್ತೆ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತಿದ್ದಾಗ ಅದನ್ನು ಗೂಡಿನ ಫೋನಿನ ಹಿಂದೆ ಸಿಕ್ಕಿಸಿ, ತಂತಿಯನ್ನು ಮೊದಲಿನ ಹಾಗೇ ಸುತ್ತಿಟ್ಟೆ. ಸಂಜೆ ಗಂಟೆ ಬಾರಿಸಿತು. ನಾನು ಮೋಡೆಮ್ಮನ್ನೇ ನೋಡುತ್ತ ಕೂತೆ. ದೀಪ ಅಲ್ಲಾಡಲಿಲ್ಲ. ಇಷ್ಟು ತಿಂಗಳ ಗೋಳು ಇಷ್ಟರಲ್ಲೇ ಮುಗಿಯಿತು ಎಂದು ಕಣ್ಣಲ್ಲಿ ನೀರು ಬಂತು.

ಮುಗಿದಿರಲಿಲ್ಲ. ಫೈಲು ಕಳಿಸಿ ಊಟಕ್ಕೆಂದು ಎದ್ದು ಬಂದರೆ ಅತ್ತೆ ಅಲ್ಲೇ ನಿಂತಿದ್ದರು, ರಿಸೀವರು ಕಿವಿಯಲ್ಲೇ ಇತ್ತು. ನಾನು ಕೂಗಿರಲಿಲ್ಲವಲ್ಲ. ಲೈನು ಬಿಟ್ಟಿಲ್ಲ ಎಂದು ಅವರು ಹಾಗೇ ಹಿಡಿದುಕೊಂಡು ಕಾಯುತ್ತಿದ್ದರು. ಅಷ್ಟು ಹೊತ್ತೂ ನಮ್ಮ ಫೋನು ಹೊರಗಿನವರಿಗೆ ಎಂಗೇಜ್. ಮಗನೇನಾದರೂ ನಿಜವಾಗಿ ಫೋನು ಮಾಡಿದ್ದರೆ, ಅವನನ್ನು ತಡೆದದ್ದು ಅವನಿಗಾಗಿ ಕಾಯುತ್ತಿದ್ದ ತಾಯಿಯೇ ಆಗಿರುತ್ತಿದ್ದರು. ಅವರ ಕಾಲು ಊದಿಕೊಂಡಿತ್ತು. ಮಾರನೆಯ ದಿನವೂ ಹಾಗೇ ನಿಂತರು. ಹೇಳಿದರೆ ಕೇಳುವವರಲ್ಲ. ಮೂರನೆಯ ಸಂಜೆ ಗಂಟೆಯ ಸದ್ದು ಕೇಳಿದ ಮೇಲೆ, ಹಸಿರಾಗಿ ಉರಿಯುತ್ತಿದ್ದ ದೀಪವನ್ನು ನೋಡುತ್ತಲೇ, ನಾನು "ಅಯ್ಯೋ, ಹೋಯ್ತು!" ಎಂದು ಕೂಗಿದೆ. ಒಳಗೆ ಟಕ್ಕೆಂದು ಫೋನಿಟ್ಟ ಸದ್ದಾಯಿತು.

ಅದೇ ದಿನಚರಿಯಾಯಿತು. ಬೇಳೆ ಬೇಯಲಿಕ್ಕಿಡುವ ಹಾಗೆ ಅದೂ ಒಂದು ಕೆಲಸ. ಒಂದು ಕಿವಿಯಲ್ಲಿ ಯಾವುದೋ ಊರಿನ ಡಾಕ್ಟರು ಯಾರದೋ ಕ್ಯಾನ್ಸರ್ ಎಲ್ಲಿಯವರೆಗೆ ಹರಡಿದೆ ಎಂದು ಹೇಳುತ್ತಿರುತ್ತಿದ್ದ, ಇನ್ನೊಂದು ಕಿವಿ ಗಂಟೆಗೆ ಕಾಯುತ್ತಿತ್ತು. ಕೂಗಿ, ಮುಂದಿನ ಸಾಲು ಟೈಪು ಮಾಡುತ್ತಿದ್ದೆ. ಮೇಲ್ವಿಚಾರಕಿ ಒಮ್ಮೆ ಫೋನಿನಲ್ಲಿ ಹೊಗಳಿದಳು, ನಿಮ್ಮ ಲೈನು ಈಗ ಸೂಪರ್ ಎಂದಳು. ಅತ್ತೆ ಆ ಹೊತ್ತಿನಲ್ಲಿ ಸುಖವಾಗಿದ್ದ ಹಾಗೆ ಕಾಣುತ್ತಿದ್ದರು. ಫೋನಿಟ್ಟು ಪಕ್ಕದ ಮಣೆಯ ಮೇಲೆ ಕೂತು, ಹೂಬತ್ತಿ ಹೊಸೆಯುತ್ತ, ಅಡಿಗೆಯ ಹೊತ್ತಾಗುವವರೆಗೂ ಅಲ್ಲೇ ಇರುತ್ತಿದ್ದರು. ನನಗೆ ಅದನ್ನು ನೋಡಿ ಸಿಟ್ಟೇ ಬರುತ್ತಿತ್ತು. ಬಿಟ್ಟುಹೋದವನಿಗೆ ಇಷ್ಟು ಮರ್ಯಾದೆ, ಇರುವವಳಿಗೆ ಒಂದು ಲೋಟ ಕಾಫಿಗೂ ಗತಿಯಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಒಂದು ಚಳಿಗಾಲ ನನಗೆ ಜ್ವರ ಬಂದು ಗಂಟಲು ಪೂರ್ತಿ ಕಟ್ಟಿತು. ದನಿಯೇ ಇಲ್ಲ. ರಜೆ ಹಾಕಿದರೆ ಫೈಲು ಹೋಗುತ್ತದೆ, ಕೂತೆ. ಗಂಟೆ ಬಾರಿಸಿತು. ಕೂಗಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಮೇಜು ಕುಟ್ಟಿದೆ, ಕೆಮ್ಮಿದೆ. ಎದ್ದು ಹೋಗೋಣವೆಂದರೆ ಫೈಲಿನ ಮಧ್ಯದಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಅತ್ತೆಯೇ ಕೋಣೆಯ ಬಾಗಿಲಿಗೆ ಬಂದರು. ಆ ಹೊತ್ತಿನಲ್ಲಿ ಅವರು ಗೂಡು ಬಿಟ್ಟು ಬಂದದ್ದು ಅದೇ ಮೊದಲು. ಕೈಯಲ್ಲಿ ಮೆಣಸಿನ ಕಷಾಯವಿತ್ತು.

"ಕುಡಿ. ಕೂಗ್ದೆ ಇದ್ರೆ ಪರ್ವಾಗಿಲ್ಲ."

ನಾನು ಮೋಡೆಮ್ಮಿನ ಕಡೆ ಕೈತೋರಿಸಿ, ಹೋಯಿತು ಎನ್ನುವಂತೆ ಸನ್ನೆ ಮಾಡಿದೆ. ಅದು ಅವರ ಕಣ್ಣೆದುರೇ ಹಸಿರಾಗಿ ಉರಿಯುತ್ತಿತ್ತು.

"ಗೊತ್ತು ಕಣೇ" ಎಂದರು. "ಆವಾಗ ನಿಜವಾಗ್ಲೂ ಹೋಗ್ತಿದ್ದಾಗ ಕೂಗಿ ಆಮೇಲೆ ಬಾಯಿಗ್ ಬಂದಂಗೆ ಬೈತಿದ್ದೆ. ಈಗ ಬರೀ ಕೂಗು, ಬೈಗುಳ ಇಲ್ಲ. ಸುಳ್ಳು ಅಂತ ಮೊದಲ್ನೇ ದಿನಾನೇ ಗೊತ್ತಾಯ್ತು."

ನಾನು ಹೆಡ್‌ಫೋನು ಕೆಳಗಿಟ್ಟೆ. ಅವರು ಬಾಗಿಲ ಚೌಕಟ್ಟಿಗೆ ಒರಗಿಕೊಂಡರು.

"ಸುಳ್ಳಾದ್ರೂ ದಿನಾ ಕೂಗ್ತಾಳಲ್ಲ ಅಂದ್ಕೊಂಡೆ. ಬಾಯಲ್ಲಿ ಏನೇ ಅಂದ್ರೂ ಇವ್ಳೂ ಒಳಗೊಳ್ಗೇ ಕಾಯ್ತಿದಾಳೆ ಅಂತ. ಒಬ್ರಿಗಿಂತ ಇಬ್ರು ಕಾದ್ರೆ ಬರ್ತಾನೆ ಅಂತ." ಆಮೇಲೆ ಕೇಳಿದರು. "ಕಾಯ್ತಿದೀಯಲ್ವಾ?"

ಅವರ ಮುಖ ನೋಡಿದೆ. ಹೂಂ ಅನ್ನಲು ದನಿ ಬೇಕಿರಲಿಲ್ಲ, ಕತ್ತು ಆಡಿಸಿದ್ದರೆ ಸಾಕಿತ್ತು. ಅಷ್ಟು ದಿನ ಸುಳ್ಳು ಕೂಗಿದವಳಿಗೆ ಅದೊಂದು ಸುಳ್ಳು ಯಾಕೋ ಆಗಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ.

ಅತ್ತೆ ಕಷಾಯದ ಲೋಟ ಮೇಜಿನ ಮೇಲಿಟ್ಟು, ಅದು ಕಾಗದಕ್ಕೆ ತಾಗದ ಹಾಗೆ ಸರಿಸಿದರು. ಬಾಗಿಲು ದಾಟುವಾಗ ತಮಗೆ ತಾವೇ ಹೇಳಿಕೊಂಡ ಹಾಗೆ, "ಹಾಗಾದ್ರೆ ಒಬ್ಳೇ ಕಾದೆ" ಎಂದರು.

ಆಮೇಲೆ ಯಾವ ಸಂಜೆಯೂ ಅವರು ಫೋನನ್ನು ಎತ್ತಲಿಲ್ಲ. ಅವತ್ತಿನ ಫೈಲು ಒಂದೇ ಸಲಕ್ಕೆ ಹೋಯಿತು.